ಒಡ್ಡಿನ ಬುಡದ ನೀರು

ನನ್ನ ಅಕ್ಕನಷ್ಟು ಮೊಂಡು ಹೆಂಗಸನ್ನು ನಾನು ಕಂಡಿಲ್ಲ. ರಾಯಚೂರಿನ ಶಾಲೆಯಲ್ಲಿ ಮೂವತ್ತು ವರ್ಷ ಎಂತೆಂಥ ಮಕ್ಕಳಿಗೋ ಮಗ್ಗಿ ಬಾಯಿಪಾಠ ಮಾಡಿಸಿದವಳು ನಾನು. ಅಕ್ಕನ ತಲೆಗೆ ಮಾತ್ರ ಒಂದೇ ಒಂದು ಮಾತು ಹೋಗಲಿಲ್ಲ. ಆ ಮಾತು ಇಷ್ಟೇ: ನಿನ್ನ ಮನೆಯ ಮೇಲಿರುವ ಒಡ್ಡು ಗಟ್ಟಿಯಿಲ್ಲ.

ಕವಿತಾಳದಿಂದ ದೇವದುರ್ಗದ ಕಡೆ ಹೋಗುವಾಗ ಒಂದು ಹಳ್ಳ ಸಿಗುತ್ತದೆ. ಸಾಹುಕಾರರೊಬ್ಬರು ಅಲ್ಲಿ ಜಮೀನು ಕೊಂಡು, ಹಳ್ಳಕ್ಕೆ ಅಡ್ಡ ಮಣ್ಣಿನ ಒಡ್ಡು ಹಾಕಿಸಿ, ನಿಂತ ನೀರಿನಲ್ಲಿ ಬಾತುಕೋಳಿ ಆಕಾರದ ದೋಣಿ ಬಿಟ್ಟಿದ್ದಾರೆ. ರವಿವಾರ ಜನ ಕಾರಿನಲ್ಲಿ ಬರುತ್ತಾರೆ, ದೋಣಿ ತುಳಿಯುತ್ತಾರೆ, ಬಿರಿಯಾನಿ ತಿನ್ನುತ್ತಾರೆ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಒಡ್ಡಿನ ಕೆಳಗೆ ಹನ್ನೆರಡು ಮನೆ, ಎಲ್ಲವೂ ಕೂಲಿಯವರವು. ಅದರಲ್ಲಿ ಒಂದು ಅಕ್ಕನದು. ಮಗಳನ್ನು ಮದುವೆ ಮಾಡಿ ಕೊಟ್ಟ ಮೇಲೆ ಎರಡು ಆಡು ಕಟ್ಟಿಕೊಂಡು ಒಬ್ಬಳೇ ಇದ್ದಾಳೆ.

ನಮ್ಮಪ್ಪ ಕಾಲುವೆಯ ಏರಿ ಕಾಯುವ ಗ್ಯಾಂಗ್‌ಮನ್ ಆಗಿದ್ದ. ಏರಿಯ ಮೇಲೆ ಓಡಾಡಿ ಬೆಳೆದವರು ನಾವು. ಹೋದ ದಸರೆಯ ರಜೆಯಲ್ಲಿ ಆ ಒಡ್ಡು ಹತ್ತಿ ನೋಡಿದಾಗಲೇ ನನ್ನ ತಲೆ ಕೆಟ್ಟಿತು. ಹೆಚ್ಚಾದ ನೀರು ಹರಿದು ಹೋಗಬೇಕಾದ ಕೋಡಿಗೆ ಇಟ್ಟಿಗೆಯ ಗೋಡೆ ಕಟ್ಟಿದ್ದರು, ಬೇಸಿಗೆಯಲ್ಲೂ ದೋಣಿ ತೇಲಬೇಕಲ್ಲ! ನೆರಳಿಗೆಂದು ಒಡ್ಡಿನ ಮೇಲೆಯೇ ಮರ ನೆಟ್ಟಿದ್ದರು. ಅಲ್ಲಲ್ಲಿ ಹೆಗ್ಗಣದ ಬಿಲ. ಬುಡದಲ್ಲಿ ಹೆಬ್ಬೆರಳು ಗಾತ್ರದ ನೀರು ಸಣ್ಣಗೆ ಬಸಿಯುತ್ತಿತ್ತು. ಅದರ ಪಕ್ಕದಲ್ಲಿ ಕೆಳಗಿನ ಮನೆಗಳ ಹೆಂಗಸರು ಒಂದು ಕಲ್ಲು ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ಹಸಿರು ಬಳೆ ಇಟ್ಟಿದ್ದರು!

"ಗಂಗವ್ವ ತಾನಾಗೇ ಬಂದಾಳ," ಎಂದಳು ಅಕ್ಕ. ಆ ನೀರಿನಿಂದಲೇ ಹನ್ನೆರಡು ಹಿತ್ತಲಲ್ಲೂ ಬದನೆ ಗಿಡ ಎದ್ದಿದ್ದವು.

ದೋಣಿಯ ಮ್ಯಾನೇಜರನನ್ನು ಕೇಳಿದೆ. "ಮೇಡಂ, ಇದು ಪ್ರೈವೇಟ್ ಡ್ಯಾಮ್ ರೀ. ನಿಮಗೇನ್ ಸಂಬಂಧ?" ಎಂದ. ಮಾನ್ವಿಯ ನೀರಾವರಿ ಕಚೇರಿಯಲ್ಲಿ ಕೇಳಿದರೆ ಒಡ್ಡಿನ ಆ ತುದಿ ದೇವದುರ್ಗಕ್ಕೆ ಸೇರುತ್ತದೆ ಎಂದರು. ದೇವದುರ್ಗದಲ್ಲಿ ಈ ತುದಿ ನಮ್ಮದಲ್ಲ ಎಂದರು. ರಾಯಚೂರಿನಲ್ಲಿ ನನ್ನ ಅರ್ಜಿ ಮೇಜಿನಿಂದ ಮೇಜಿಗೆ ಓಡಾಡಿತು. ನಾನೂ ಬಿಡದೆ ಅದರ ಹಿಂದೆ ಓಡಾಡಿದೆ. ಕೊನೆಗೆ ನನ್ನ ಕಾಟ ತಾಳಲಾರದೆ ಒಬ್ಬ ಇಂಜಿನಿಯರ್ ಜೀಪಿನಲ್ಲಿ ನನ್ನನ್ನೂ ಕೂರಿಸಿಕೊಂಡು ಬಂದರು.

"ಎಲ್ಲಿ ಬಸಿಯಾಕತ್ತದ, ತೋರಸ್ರಿ."

ಏನು ತೋರಿಸಲಿ? ನೀರೂ ಇಲ್ಲ, ಗಂಗವ್ವನ ಕಲ್ಲೂ ಇಲ್ಲ. ಅಲ್ಲೊಂದು ಸಗಣಿ ಕುಳ್ಳಿನ ರಾಶಿ, ಅದರ ಮುಂದೆ ಅಕ್ಕನ ಎರಡು ಆಡು. "ಇಲ್ಲೇನೂ ಇಲ್ರೀ ಸಾಹೇಬ್ರ, ಒಣ ಭೂಮಿ," ಎಂದು ಹೆಂಗಸರೆಲ್ಲ ಒಟ್ಟಿಗೆ ಹೇಳಿದರು. ಎಲ್ಲರಿಗಿಂತ ದೊಡ್ಡ ದನಿ ಅಕ್ಕನದು. ಕುಳ್ಳಿನ ರಾಶಿ ಮೊದಲು ಅಲ್ಲಿರಲಿಲ್ಲ ಎಂದು ನನಗೆ ಹೊಳೆದದ್ದು ಜೀಪು ಕವಿತಾಳ ದಾಟಿದ ಮೇಲೆ. ಅಷ್ಟರಲ್ಲಿ ಇಂಜಿನಿಯರ್ ನಿದ್ದೆ ಹೋಗಿದ್ದರು.

ಫೋನು ಮಾಡಿ ಬೈದೆ. ಅಕ್ಕನೇ ನನಗೆ ತಿರುಗಿ ಬೈದಳು. "ಅವ್ರು ಸಿಮೆಂಟ್ ಜಡದು ಬಂದ್ ಮಾಡಿದ್ರ ಬದ್ನಿ ಗಿಡಕ್ಕ ನೀರ್ ಯಾರ್ ಕೊಡ್ತಾರ? ನೀ ಕೊಡ್ತೀಯೇನು?" ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗಾಯಿತು ನಮ್ಮಿಬ್ಬರ ಕಥೆ. ತಿಂಗಳುಗಟ್ಟಲೆ ಮಾತು ಬಿಟ್ಟೆ.

ಈ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಅಕ್ಕ ತಾನೇ ರಾಯಚೂರಿಗೆ ಬಂದಳು. ಒಂದು ಕೈಯಲ್ಲಿ ಬದನೆಕಾಯಿ ಚೀಲ, ಇನ್ನೊಂದರಲ್ಲಿ ಆ ಒಡ್ಡಿನ ಬುಡದ ನೀರು ತುಂಬಿದ ಎಣ್ಣೆ ಕ್ಯಾನು. "ನಿಮ್ಮ ನಳದ ನೀರು ಬಾಯಿಗಿಡಾಕ ಆಗಂಗಿಲ್ಲ, ತಗೋ," ಎಂದಳು. ಸ್ಟೀಲಿನ ಬೋಗುಣಿಗೆ ಸುರಿದೆ. ಸ್ವಲ್ಪ ಹೊತ್ತಿಗೆ ತಳದಲ್ಲಿ ಕೆಂಪು ಮಣ್ಣು ಕೂತಿತು.

"ಮಳಿ ಆದಾಗಿಂದ ಹಿಂಗ ಬರಾಕತ್ತದ. ಮಣ್ಣು ತಳಕ್ಕ ಕುಂತ ಮ್ಯಾಲ ಕುಡಿ."

ತಿಳಿನೀರು ಬಸಿಯುವ ಒಡ್ಡು ಹತ್ತು ವರ್ಷ ನಿಂತರೂ ನಿಂತೀತು. ನೀರಿನ ಜೊತೆ ಮಣ್ಣು ಬರತೊಡಗಿತೆಂದರೆ ಒಡ್ಡಿನ ಹೊಟ್ಟೆ ಒಳಗೊಳಗೇ ಟೊಳ್ಳಾಗುತ್ತಿದೆ ಎಂದೇ ಅರ್ಥ. ಬೋಗುಣಿಯಲ್ಲಿ ಕೂತದ್ದು ಆ ಒಡ್ಡೇ. ಕೂಗಾಡುತ್ತಲೇ ಇಂಜಿನಿಯರಿಗೆ ಫೋನು ಹಚ್ಚಿದೆ.

"ಮೇಡಂ, ನಾವು ಬಂದು ಹೋದ ಮರುದಿನಾನ ಪಂಚನಾಮಿ ಆಗ್ಯದ. ಬಸಿ ನೀರು ಇಲ್ಲಂತ ಹನ್ನೆರಡೂ ಮನಿಯವ್ರು ಸಹಿ ಮಾಡ್ಯಾರ. ಸುಳ್ಳು ಹೇಳೀವಿ ಅಂತ ಅವ್ರೇ ಬರದು ಕೊಡ್ಲಿ, ಅವತ್ತೇ ಬಂದು ಕೋಡಿಗೆ ಕಟ್ಟಿದ ಗ್ವಾಡಿ ಒಡಸ್ತೀನಿ."

ಕಾಗದದ ಫೋಟೊ ಕಳಿಸಿದರು. ಮೊದಲ ಸಹಿ ಅಕ್ಕನದು. ಹೆಬ್ಬೆಟ್ಟು ಒತ್ತಬಾರದು ಎಂದು ಒಂದು ಬೇಸಿಗೆ ಪೂರ್ತಿ ಪಾಟಿ ಬಳಪ ಹಿಡಿಸಿ ನಾನೇ ಕಲಿಸಿದ ಅಕ್ಷರ. ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

"ಇನ್ನ ನೀ ಆ ಮನಿಗೆ ಹೋಗಂಗಿಲ್ಲ. ಇಲ್ಲೇ ಬಿದ್ದಿರು," ಎಂದು ಬಾಗಿಲಿಗೆ ಕೀಲಿ ಹಾಕಿದೆ.

ಅಕ್ಕ ಈ ಸಲ ಜಗಳಕ್ಕೆ ಬರಲಿಲ್ಲ. ಬೋಗುಣಿಯನ್ನೇ ನೋಡುತ್ತಿದ್ದಳು. "ಉಳದ ಹನ್ನೊಂದು ಮನಿ?" ಎಂದಳು. "ಸಹಿ ಮಾಡ್ರಿ ಅಂದಾಕಿ ನಾನ. ನಾ ಮಾಡೀನಂತ ಅವ್ರು ಮಾಡ್ಯಾರ."

ಅಷ್ಟೂ ಅರ್ಜಿಗಳಲ್ಲಿ ಹನ್ನೆರಡು ಮನೆ ಎಂದು ಬರೆದವಳ ಮನಸ್ಸಿನಲ್ಲಿ ಇದ್ದದ್ದು ಒಂದೇ ಮನೆ. ನಾಚಿಕೆಯಾಯಿತು. ಕೀಲಿ ತೆಗೆದೆ.

ಸುಳ್ಳು ಹೇಳಿದೆವೆಂದು ಹನ್ನೆರಡೂ ಮನೆಯವರಿಂದ ಬರೆಸಿಕೊಳ್ಳಲು ಬಿಳಿ ಹಾಳೆ ಚೀಲಕ್ಕೆ ಹಾಕಿಕೊಂಡು, ಕವಿತಾಳದ ಬಸ್ಸಿನಲ್ಲಿ ಇಬ್ಬರೂ ಆಧಾರ್ ಕಾರ್ಡು ತೋರಿಸಿ ಕೂತೆವು. ಅಕ್ಕ ಸೆರಗಿನ ತುದಿ ಸುತ್ತುತ್ತ, "ಮೊದಲು ಯಾರ ಮನಿ ಖಾಲಿ ಮಾಡಸೂಣು?" ಎಂದು ಕೇಳಿದಳು.

"ಒಡ್ಡಿಗೆ ಹತ್ತಿರ ಇದ್ದದ್ದು," ಎಂದೆ, ಯೋಚಿಸದೆ.

"ಅದು ನಂದ ಅಲ್ಲೇನು," ಎಂದಳು.