ಹತ್ತೊಂಬತ್ತು ಕ್ವಾರ್ಟರ್ಸ್

ಈ ವಯಸ್ಸಿಗೆ ನಾನು ಹತ್ತೊಂಬತ್ತು ಮನೆ ಕಟ್ಟಿದ್ದೇನೆ. ಒಂದಕ್ಕೂ ಪಾಯ ತೋಡಿಸಿಲ್ಲ, ಒಂದರ ಗೃಹಪ್ರವೇಶಕ್ಕೂ ಯಾರನ್ನೂ ಕರೆದಿಲ್ಲ. ಎಲ್ಲವೂ ಒಂದು ಹಳೆಯ ಟ್ಯಾಬಿನೊಳಗೆ ಇವೆ. ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿಯೆಂದರೆ, ಹತ್ತೊಂಬತ್ತೂ ಒಂದೇ ಥರ ಇವೆ.

ಶ್ರೇಯಾ, ಚಿರು, ಇದನ್ನು ನಿಮಗೆಂದೇ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೊರಟರೆ ನನಗೆ ಮಾತು ಅರ್ಧದಲ್ಲೇ ನಿಂತುಬಿಡುತ್ತದೆ. ಅಷ್ಟರಲ್ಲಿ ನೀವು ಉಳಿದರ್ಧವನ್ನು ನೀವೇ ಊಹಿಸಿಕೊಂಡು ಓಡಿಹೋಗಿರುತ್ತೀರಿ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ನಾಲ್ಕು ಜನರ ಮುಂದೆ ಬಾರದ ಧೈರ್ಯ ಕಾಗದದ ಮುಂದೆ ಸ್ವಲ್ಪ ಬರುತ್ತದೆ. ಕಾಗದ ನನ್ನ ಮುಖ ನೋಡುವುದಿಲ್ಲವಲ್ಲ.

ಆರ್.ಟಿ. ನಗರದ ನಿಮ್ಮ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸುವುದೆಂದು ನಿಮ್ಮ ಅಪ್ಪ ಅಮ್ಮ ತೀರ್ಮಾನಿಸಿದಾಗ ಇದೆಲ್ಲ ಶುರುವಾಯಿತು. ನಿಮ್ಮ ತಾತ ಹೋಗಿ ಎರಡು ವರ್ಷವಾಗಿತ್ತು. ಯಲಹಂಕದ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಹೊಸ ಮಹಡಿಯಲ್ಲಿ ನನಗೊಂದು ಕೋಣೆ ಎಂದಾಯಿತು.

"ಅಮ್ಮ, ನಿನ್ ರೂಮು ಹೇಗಿರ್ಬೇಕು ಹೇಳು," ಎಂದಳು ನಿಮ್ಮಮ್ಮ. "ಆಷಾಢ ಕಳೀತಿದ್ದ ಹಾಗೆ ಮೇಸ್ತ್ರಿ ಗೋಡೆ ಎಬ್ಬಿಸ್ತಾನೆ. ಆಮೇಲೆ ಬದಲಾಯ್ಸೋಕಾಗಲ್ಲ."

"ಏನಾದ್ರೂ ಆಗ್ಬೋದು ಕಣೆ ಸುಮಾ."

"ಏನಾದ್ರೂ ಅಂತ ಮೇಸ್ತ್ರಿಗೆ ಹೇಳೋಕಾಗುತ್ತಾ?"

ಅವಳು ಹೇಳಿದ್ದು ಸರಿಯೇ. ನಾನು ಇನ್ನೆಷ್ಟು ವರ್ಷ ಇರುತ್ತೇನೋ ಅಷ್ಟೂ ವರ್ಷ ಮಲಗಿ ಏಳಬೇಕಾದ ಕೋಣೆ ಅದು. ನಾನು ಹೇಳದಿದ್ದರೆ ಮೇಸ್ತ್ರಿ ತನಗೆ ತೋಚಿದ್ದನ್ನು ಕಟ್ಟುತ್ತಾನೆ. ಆದರೆ ನಿಜವಾಗಿ ನನಗೇನು ಬೇಕೆಂದು ನನಗೇ ಗೊತ್ತಿರಲಿಲ್ಲ.

ಆಗ ಶ್ರೇಯಾ ಆ ಹಳೆಯ ಟ್ಯಾಬಿನಲ್ಲಿ ಈ ಮನೆ ಕಟ್ಟುವ ಆಟ ಹಾಕಿ ತಂದಳು. ಅದರಲ್ಲಿ ಬೆರಳಿನಿಂದಲೇ ಗೋಡೆ ಎಳೆಯಬಹುದು, ಬಾಗಿಲು ಇಡಬಹುದು. ಮನೆ ಮುಗಿದ ಮೇಲೆ ಪುಟ್ಟ ಪುಟ್ಟ ಜನ ಬಂದು ವಾಸ ಮಾಡುತ್ತಾರೆ. ಉಣ್ಣುತ್ತಾರೆ, ನಿದ್ದೆ ಮಾಡುತ್ತಾರೆ, ಯಾವುದೋ ಅರ್ಥವಾಗದ ಭಾಷೆಯಲ್ಲಿ ಹರಟುತ್ತಾರೆ. "ಬಾಯಲ್ಲಿ ಹೇಳೋಕಾಗದಿದ್ರೆ ಇದ್ರಲ್ಲಿ ಕಟ್ಟಿ ತೋರ್ಸು ಅಜ್ಜಿ," ಎಂದಳು. ಹದಿಮೂರು ವರ್ಷದ ಹುಡುಗಿಗೆ ನನ್ನ ಕಷ್ಟ ನನಗಿಂತ ಚೆನ್ನಾಗಿ ಅರ್ಥವಾಗಿತ್ತು.

ಕಟ್ಟಿದೆ. ವಾರ ವಾರವೂ ನೀವು ಯಲಹಂಕಕ್ಕೆ ಬಂದಾಗ ತೋರಿಸಿದೆ.

"ಅಜ್ಜಿ, ಇದೂ ಕ್ವಾರ್ಟರ್ಸೇ!" ಎಂದಳು ಶ್ರೇಯಾ.

"ಬಣ್ಣ ಬೇರೆ ಇದೆಯಲ್ಲೇ."

"ಬಣ್ಣ ಬೇರೆ ಇರೋ ಕ್ವಾರ್ಟರ್ಸು."

"ಪಕ್ಕದಲ್ಲಿ ಒಂದು ಸ್ಟೇಷನ್ ಇಟ್ಬಿಡು ಅಜ್ಜಿ," ಎಂದ ಚಿರು.

ನಿಮಗೆ ನಗು. ನನಗೆ ಬೇರೆ ಮನೆ ಗೊತ್ತಿದ್ದರೆ ತಾನೇ? ತಾತ ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದರು. ಮದುವೆಯಾದ ಮರುವರ್ಷದಿಂದ ಅವರು ರಿಟೈರ್ ಆಗುವವರೆಗೆ ಏಳು ಊರುಗಳಲ್ಲಿ ಇದ್ದೆವು. ಏಳೂ ಊರಿನಲ್ಲಿ ರೈಲ್ವೆ ಕ್ವಾರ್ಟರ್ಸಿನ ಒಂದೇ ಥರದ ಮನೆ. ಮುಂದೊಂದು ಚಿಕ್ಕ ವರಾಂಡ, ಎರಡು ಕೋಣೆ, ಹಿಂದೆ ಅಡುಗೆಮನೆ, ಅಂಗಳದಾಚೆ ಬಚ್ಚಲು. ವರ್ಗವಾದಾಗ ಊರು ಬದಲಾಗುತ್ತಿತ್ತು, ಭಾಷೆ ಬದಲಾಗುತ್ತಿತ್ತು, ನೀರಿನ ರುಚಿ ಬದಲಾಗುತ್ತಿತ್ತು, ಮೊಳೆ ಹೊಡೆಯುವ ಜಾಗ ಮಾತ್ರ ಬದಲಾಗುತ್ತಿರಲಿಲ್ಲ. ಹೋದ ದಿನವೇ ಕ್ಯಾಲೆಂಡರನ್ನು ಹಳೆಯ ಜಾಗಕ್ಕೆ ನೇತುಹಾಕುತ್ತಿದ್ದೆ, ಅಲ್ಲಿ ಹಿಂದಿನವರ ಮೊಳೆ ನನಗಾಗಿ ಕಾದಿರುತ್ತಿತ್ತು. ಟ್ಯಾಬಿನಲ್ಲಿ ಕಟ್ಟಿದ ನಾಲ್ಕನೆಯ ಮನೆಯಲ್ಲಿ ಬಚ್ಚಲನ್ನು ಅಂಗಳದಾಚೆ ಇಟ್ಟಿದ್ದಕ್ಕೆ ಒಳಗಿನ ಪುಟ್ಟ ಮನುಷ್ಯ ಅಷ್ಟು ದೂರ ಹೋಗಲಾರದೆ ದಾರಿಯಲ್ಲೇ ಅವಾಂತರ ಮಾಡಿಕೊಂಡ. ಪಾಪ, ಅವನಿಗೆ ಕ್ವಾರ್ಟರ್ಸ್ ಅಭ್ಯಾಸವಿರಲಿಲ್ಲ.

ಅದಕ್ಕೂ ಹಿಂದಿನದು ನಮ್ಮಪ್ಪನ ಮನೆ, ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯಲ್ಲಿ. ಆಗೆಲ್ಲ ಮನೆ ಕಟ್ಟುವಾಗ ಯಜಮಾನನ ಮೊಳದಲ್ಲಿ ಅಳೆದು ಆಯ ನೋಡುತ್ತಿದ್ದರು. ಮೊಣಕೈಯಿಂದ ಬೆರಳ ತುದಿಯವರೆಗೆ ಅವನ ಕೈ ಎಷ್ಟುದ್ದವೋ ಅದೇ ಆ ಮನೆಯ ಅಳತೆಗೋಲು. ಆಯ ಕೂಡಿಬಂದರೆ ಮನೆ ಅವನಿಗೆ ಒಗ್ಗುತ್ತದೆ ಎಂದು ನಂಬಿಕೆ. ಬಡಗಿ ನಮ್ಮಪ್ಪನ ಕೈ ಅಳೆಯುತ್ತಿದ್ದಾಗ ನಾನೂ ಆಸೆಯಿಂದ ನನ್ನ ಕೈ ಮುಂದೆ ಚಾಚಿದೆ. ಅವನು ನಕ್ಕು, "ನಿನ್ ಕೈ ಯಾಕಮ್ಮಿ, ನೀನು ಬ್ಯಾರೆ ಮನೆಗ್ ಓಗೋಳು," ಎಂದ. ಕೋಪದ ಮಾತೇನಲ್ಲ, ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ ತಲೆ ಕೆರೆದುಕೊಂಡದ್ದು ಈಗಲೂ ನೆನಪಿದೆ.

"ನಿಂಗೆ ಇನ್ಸ್‌ಪಿರೇಷನ್ ಬೇಕು ಅಜ್ಜಿ," ಎಂದಳು ಶ್ರೇಯಾ. "ಹೊರಗಡೆ ಹೋಗಿ ಮನೆಗಳನ್ನ ನೋಡು. ಹಂಗೇ ಕಾಪಿ ಮಾಡ್ಬೇಡ, ಇಷ್ಟ ಆಗಿದ್ದು ಒಂದೊಂದು ತಗೋ."

ಹೀಗೆ ನಾನು ಮನೆ ನೋಡುವವಳಾದೆ. ಬೆಳಿಗ್ಗೆ ತಿಂಡಿ ಮುಗಿಸಿ ಪುಟ್ಟೇನಹಳ್ಳಿ ಕೆರೆಯ ಕಡೆಗೆ ಹೊರಟರೆ ಹನ್ನೊಂದಕ್ಕೆ ವಾಪಸು. ಒಬ್ಬಳೇ ಇರುವವಳಿಗೆ ಬೆಳಗಿನ ಹೊತ್ತು ಬಹಳ ಉದ್ದ. ಅಡುಗೆ ಎಂದರೆ ಒಂದು ಹಿಡಿ ಅಕ್ಕಿ, ಅದು ಹತ್ತು ನಿಮಿಷದ ಕೆಲಸ. ಆದ್ದರಿಂದ ಈ ಹೊಸ ಉದ್ಯೋಗ ನನಗೆ ಹಿತವಾಗಿಯೇ ಇತ್ತು. ಎಷ್ಟು ಥರದ ಮನೆಗಳು! ಮುಂಭಾಗಕ್ಕೆಲ್ಲ ಗಾಜು ಹಾಕಿಸಿ, ಗಾಜಿಗೆಲ್ಲ ಪರದೆ ಹಾಕಿದವರು. ಮೂವತ್ತು ನಲವತ್ತರ ಸೈಟಿನಲ್ಲಿ ಅರಮನೆಯ ಕಂಬ ನಿಲ್ಲಿಸಿ, ಕಂಬಗಳ ನಡುವೆ ಸ್ಕೂಟರ್ ತೂರಿಸಲು ಒದ್ದಾಡುವವರು. ಒಬ್ಬರಂತೂ ತಾರಸಿಯ ಮೇಲೆ ವಿಮಾನದ ಆಕಾರದ ನೀರಿನ ಟ್ಯಾಂಕ್ ಕೂರಿಸಿದ್ದರು. ತಲೆಯ ಮೇಲೆ ದಿನವೂ ವಾಯುಸೇನೆಯ ನಿಜವಾದ ವಿಮಾನಗಳು ಹಾರುವ ಊರಿನಲ್ಲಿ ಇದೊಂದು ಮಾತ್ರ ಎಲ್ಲಿಗೂ ಹೋಗದೆ ನೀರು ತುಂಬಿಕೊಂಡು ಕೂತಿತ್ತು. ಅದನ್ನು ಕಂಡು ನನಗೆ ಯಾಕೋ ಪಾಪ ಎನಿಸಿತು.

ನಾನು ಸಂಕೋಚದವಳು. ಇನ್ನೊಬ್ಬರ ಮನೆಯನ್ನು ನಿಂತು ನೋಡುವುದೇ ತಪ್ಪೆಂದು ಬೆಳೆದವಳು. ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುವವಳಂತೆ ಬಗ್ಗಿ, ಓರೆಗಣ್ಣಲ್ಲಿ ನೋಡುತ್ತಿದ್ದೆ. ಒಂದು ದಿನ ಹೀಗೆ ಬಗ್ಗಿದ್ದಾಗ ಗೇಟು ತೆರೆಯಿತು. ನನ್ನ ವಯಸ್ಸಿನವರೇ ಒಬ್ಬ ಹೆಂಗಸು, ತಲೆಯ ಮೇಲೆ ದುಪಟ್ಟಾ.

"ಮನೆ ನೋಡಕ್ಕೆ ಬಂದ್ರಾ ಅಮ್ಮಾ? ಬಿಸ್ಲಲ್ಲಿ ಯಾಕೆ ನಿಂತಿದೀರಾ, ಬನ್ನಿ ಬನ್ನಿ."

ತಲೆ ಎತ್ತಿದೆ. ಗೇಟಿನ ಮೇಲೆ 'ಮನೆ ಬಾಡಿಗೆಗೆ ಇದೆ' ಎಂಬ ಹಲಗೆ. ಇಲ್ಲಮ್ಮ, ನಾನು ಆಟದಲ್ಲಿ ಮನೆ ಕಟ್ಟುತ್ತೇನೆ, ಅದಕ್ಕೆ ನಿಮ್ಮ ಮನೆ ನೋಡುತ್ತಿದ್ದೆ ಎಂದು ಹೇಗೆ ಹೇಳುವುದು? "ಹೂಂ," ಎಂದುಬಿಟ್ಟೆ.

ಅವರ ಹೆಸರು ನೂರ್‌ಜಹಾನ್. ಮೇಲಿನ ಮನೆಯ ಬೀಗ ತೆಗೆಯುತ್ತಾ ಕೇಳಿದರು, "ಎಷ್ಟು ಜನ ಇರ್ತೀರಾ?"

"ಇಬ್ರೇ."

ಬಾಯಿಂದ ಬಂದುಬಿಟ್ಟಿತು. ಸುಮಾ ಹುಟ್ಟುವ ಮೊದಲು ಹಾಲಿನವನಿಗೆ, ರೇಷನ್ನಿನವನಿಗೆ, ಅವಳು ಮದುವೆಯಾಗಿ ಹೋದ ಮೇಲೆ ಎಲ್ಲರಿಗೂ ಕೊಟ್ಟ ಉತ್ತರ ಅದು. ತಿದ್ದಿಕೊಳ್ಳಬೇಕೆನ್ನುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು.

"ನಿಮ್ ಸಾಹೇಬ್ರು ಏನ್ ಕೆಲ್ಸ?"

"ರೈಲ್ವೆ. ರಿಟೈರ್ಡು."

"ಮೆಟ್ಲು ಹತ್ತಾಗುತ್ತಾ ಅವರಿಗೆ?"

"ಸ್ವಲ್ಪ ಮಂಡಿನೋವು. ನಿಧಾನಕ್ಕೆ ಹತ್ತುತಾರೆ."

ನಮ್ಮವರೇ ಯಾರಾದರೂ ಆಗಿದ್ದರೆ ಮೊದಲು ನನ್ನ ಕೊರಳು ನೋಡುತ್ತಿದ್ದರು, ಈ ಸುಳ್ಳು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಅವರು ನೋಡಲಿಲ್ಲ. ಹತ್ತು ನಿಮಿಷ ನಿಮ್ಮ ತಾತ ಬದುಕಿದ್ದರು. ಅವರಿಗೆ ಬೆಳಿಗ್ಗೆ ಐದಕ್ಕೆ ಕಾಫಿ ಬೇಕು ಎಂದೆ, ಫ್ಯಾನಿನ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎಂದೆ. ಎರಡು ವರ್ಷದಲ್ಲಿ ನಾನು ಅಷ್ಟು ಮಾತಾಡಿದ್ದೇ ಇಲ್ಲ. ಮನೆಗೆ ಬಂದು ಅವರ ಫೋಟೋದ ಮುಂದೆ ನಿಂತು, "ಕ್ಷಮಿಸಿ," ಎಂದೆ. ಯಾವುದಕ್ಕೆಂದು ನನಗೂ ಸರಿಯಾಗಿ ತಿಳಿಯಲಿಲ್ಲ, ಬದುಕಿಸಿದ್ದಕ್ಕೋ ಮತ್ತೆ ಕಳಿಸಿದ್ದಕ್ಕೋ.

ಆ ಸಂಜೆ ಟ್ಯಾಬ್ ತೆಗೆದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನನ್ನ ಹತ್ತೊಂಬತ್ತು ಮನೆಗಳಲ್ಲೂ ಇಬ್ಬಿಬ್ಬರೇ ಇದ್ದರು. ಆಟ ಮೊದಲು ಕೇಳುವ ಪ್ರಶ್ನೆಯೂ ಅದೇ: ಎಷ್ಟು ಜನ? ಆ ದಿನ ಮೊದಲ ಬಾರಿಗೆ ಒಂದು ಎಂದು ಒತ್ತಿದೆ. ಬಿಳಿ ಕೂದಲಿನ ಒಂದು ಹೆಂಗಸು ಬಂದಳು. ಅವಳಿಗೆ ಒಂದು ಕೋಣೆ ಕಟ್ಟಿ, ಒಳ್ಳೆಯ ಮಂಚ, ಟೀವಿ, ಹೂವಿನ ಕುಂಡ, ಪುಸ್ತಕದ ಕಪಾಟು ಎಲ್ಲ ಕೊಟ್ಟೆ. ಈ ಆಟದಲ್ಲಿ ಪ್ರತಿಯೊಬ್ಬರಿಗೂ ಹಸಿವು, ನಿದ್ದೆ, ಸ್ನಾನ ಎಂದು ಒಂದೊಂದು ಬಣ್ಣದ ಪಟ್ಟಿ ಇರುತ್ತದೆ. ತೃಪ್ತಿಯಾದರೆ ಹಸಿರು, ಇಲ್ಲವಾದರೆ ಕೆಂಪು. ಅವಳದ್ದು ಎಲ್ಲವೂ ಹಸಿರು, ಒಡನಾಟದ್ದೊಂದು ಬಿಟ್ಟು. ಅದು ಮಾತ್ರ ಕೆಂಪಾಗುತ್ತಲೇ ಹೋಯಿತು. ಇನ್ನೊಂದು ಕುಂಡ ಇಟ್ಟೆ. ಟೀವಿಯನ್ನು ದೊಡ್ಡದು ಮಾಡಿದೆ. ಅವಳು ಕೋಣೆಯ ನಡುವೆ ನಿಂತು ತನ್ನಷ್ಟಕ್ಕೆ ಏನೋ ಗೊಣಗಿದಳು. ನಾನು ಆ ಕೋಣೆಯನ್ನು ಉಳಿಸಿಕೊಳ್ಳದೆ ಟ್ಯಾಬ್ ಮುಚ್ಚಿಟ್ಟೆ.

ಎರಡು ದಿನ ಬಿಟ್ಟು ನೂರ್‌ಜಹಾನ್ ಅವರ ಮನೆಗೆ ಹೋದೆ. ಸುಳ್ಳು ನನ್ನನ್ನು ಊಟಕ್ಕೆ ಕೂರಲು ಬಿಡುತ್ತಿರಲಿಲ್ಲ. ಗೇಟಿನ ಬಳಿಯೇ ನಿಂತು, ನನಗೆ ಮನೆ ಬೇಕಿರಲಿಲ್ಲ, ನಮ್ಮ ಯಜಮಾನರೂ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ.

"ಮನೆ ಬೇಡ ಅಂತ ಅವತ್ತೇ ಗೊತ್ತಾಯ್ತು," ಎಂದರು. "ಮನೆ ಬೇಕಾದೋರು ನಲ್ಲಿ ತಿರುಗ್ಸಿ ನೋಡ್ತಾರೆ. ನೀರು ಬೋರಿಂದಾ, ಕಾವೇರಿದಾ ಕೇಳ್ತಾರೆ. ನೀವು ಸೀದಾ ಹೋಗಿ ಕಿಟಕಿ ಹತ್ರ ನಿಂತ್ಬಿಟ್ರಿ. ನಾನು ಅಡಿಗೆಮನೆ ತೋರ್ಸ್ತಾ ಇದೀನಿ, ನೀವು ರೋಡ್ ನೋಡ್ತಾ ಇದೀರಾ. ಎಷ್ಟು ಕರೆದ್ರೂ ಬರ್ಲಿಲ್ಲ."

"ಹೌದಾ?"

"ಮತ್ತೆ! ಕೆಳಗಡೆ ಸೊಪ್ಪಿನೋಳು ಜಗಳ ಆಡ್ತಿದ್ಲಲ್ಲ, ಅದು ಮುಗಿಯೋವರ್ಗೂ ನಿಂತಿದ್ರಿ. ನಾನೂ ಹಂಗೇ ಬಿಡಿ, ನಮ್ಮೋರು ಹೋದ್ಮೇಲೆ. ಬನ್ನಿ, ಚಾ ಕುಡೀರಿ."

ನನಗೇ ಗೊತ್ತಿರದಿದ್ದುದನ್ನು ಗುರುತಿಲ್ಲದ ಹೆಂಗಸೊಬ್ಬರು ನನ್ನ ಬೆನ್ನು ನೋಡಿ ತಿಳಿದುಕೊಂಡಿದ್ದರು. ಚಹಾ ಕುಡಿಯುತ್ತಾ ನೆನಪು ಮಾಡಿಕೊಂಡೆ. ನಿಜ, ಆ ಮನೆಯಲ್ಲಿ ಎಷ್ಟು ಕೋಣೆ ಇದ್ದವೆಂದು ನನಗೆ ಗೊತ್ತಿಲ್ಲ. ಒಂದು ಕಟ್ಟು ದಂಟಿನ ಸೊಪ್ಪಿಗಾಗಿ ನಡೆದ ವಾದ, ಕೊನೆಯಲ್ಲಿ ಇಬ್ಬರೂ ನಕ್ಕು ಕೊತ್ತಂಬರಿ ಕೊಸರಿಗೆ ರಾಜಿಯಾದದ್ದು, ಸ್ಕೂಲ್ ವ್ಯಾನಿನಿಂದ ಇಣುಕಿದ ಒಂದು ಬೋಳು ತಲೆ, ಇವು ಮಾತ್ರ ಅಚ್ಚಾಗಿ ನಿಂತಿದ್ದವು. ತಿಂಗಳುಗಟ್ಟಲೆ ನಾನು ಮನೆಗಳ ಒಳಗನ್ನು ಕಲ್ಪಿಸಿಕೊಳ್ಳುತ್ತ ಅಲೆದಿದ್ದೆ. ನನಗೆ ಬೇಕಾದ್ದು ಗೋಡೆಯ ಹೊರಗಡೆ ಇತ್ತು.

ಆಷಾಢದ ಕೊನೆಯ ಭಾನುವಾರ ನಿಮ್ಮ ಮನೆಗೆ ಬಂದೆನಲ್ಲ, ಅಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಂದೇ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಅರ್ಧ ಗಂಟೆ ನಿಂತದ್ದು ಒಳ್ಳೆಯದೇ ಆಯಿತು. ಊಟಕ್ಕೆ ಕೂತಾಗ ಹೇಳಿದೆ.

"ನನ್ ರೂಮು ಮೇಲೆ ಬೇಡ. ಕೆಳಗೆ, ಗೇಟಿನ ಪಕ್ಕ, ಕಾರು ನಿಲ್ಸೋ ಜಾಗದಲ್ಲಿ ಬೇಕು. ರಸ್ತೆಗೆ ಒಂದು ದೊಡ್ಡ ಕಿಟಕಿ ಇಡ್ಸಿ."

ಯಾರೂ ತುತ್ತು ಎತ್ತಲಿಲ್ಲ. "ಅಮ್ಮ, ಅಲ್ಲಿ ಗಲಾಟೆ," ಎಂದಳು ಸುಮಾ. "ಹಾಲಿನ ಗಾಡಿ, ಹಾರನ್ನು, ಬೆಳಗಿಂದ ಸಂಜೆವರ್ಗೂ ಜನ. ನಿಂಗೆ ನೆಮ್ಮದಿಯಾಗಿರ್ಲಿ ಅಂತ ತಾನೆ ನಾವು ಮೇಲೆ..."

"ಗಲಾಟೆನೇ ಬೇಕು ಕಣೆ. ನೆಮ್ಮದಿ ಎರಡು ವರ್ಷದಿಂದ ಅನುಭವಿಸಿ ಸಾಕಾಗಿದೆ."

ಅವಳ ಕಣ್ಣು ತುಂಬಿತು. ಅವಳನ್ನು ನೋಯಿಸಬೇಕೆಂದು ನಾನು ಹೇಳಿರಲಿಲ್ಲ. ನಿಮ್ಮಪ್ಪ ಮಾತ್ರ ಪಾಪ, ಬಹಳ ಮೆಲ್ಲಗೆ, "ಅತ್ತೆ, ಹಾಗಾದ್ರೆ ಕಾರು?" ಎಂದರು.

"ಕಾರಿಗೆ ಮೇಲೆ ರೂಮ್ ಕೊಡೋಣ," ಎಂದ ಚಿರು. ಆಗ ಎಲ್ಲರೂ ಉಂಡೆವು.

ಈಗ ಕಾರು ಬೀದಿಯಲ್ಲಿದೆ. ನಿಮ್ಮಪ್ಪ ದಿನ ಬೆಳಿಗ್ಗೆ ಅದರ ಮೇಲಿನ ಧೂಳನ್ನೂ ಹಕ್ಕಿಗಳು ಮಾಡಿದ್ದನ್ನೂ ಒರೆಸುತ್ತಾರೆ, ನನ್ನ ಕಿಟಕಿಯತ್ತ ತಿರುಗಿ ಒಂದು ನಗು ನಗುತ್ತಾರೆ. ಅದರಲ್ಲಿ ಸ್ವಲ್ಪ ದೂರೂ ಇದೆ, ನನಗೆ ಗೊತ್ತು. ಇಟ್ಟಿಗೆಯಲ್ಲೇ ಕಟ್ಟಿದ ಇಪ್ಪತ್ತನೆಯ ಈ ಮನೆ ಕ್ರಿಯೇಟಿವ್ ಆಗಿದೆಯೇ ಎಂದು ಶ್ರೇಯಾಳನ್ನು ಕೇಳಿದರೆ, "ಇದು ಮನೆಯಲ್ಲ ಅಜ್ಜಿ, ಟಿಕೆಟ್ ಕೌಂಟರ್ರು," ಎನ್ನುತ್ತಾಳೆ. ಎದುರುಮನೆಯವರು ಕೀಲಿ ಕೊಟ್ಟುಹೋಗುತ್ತಾರೆ, ಕೊರಿಯರಿನವನು ವಿಳಾಸ ಕೇಳುತ್ತಾನೆ, ಇಡೀ ಬೀದಿಗೆ ನಾನು ಅಜ್ಜಿ. ಯಲಹಂಕ ಬಿಟ್ಟು ಬಂದರೆ ಒಂಟಿತನವೂ ಅಲ್ಲೇ ಉಳಿಯುತ್ತದೆ ಎಂದುಕೊಂಡಿದ್ದೆ. ಇಲ್ಲ, ಅದೂ ಗಂಟುಮೂಟೆಯ ಜೊತೆ ಬಂತು. ಮಧ್ಯಾಹ್ನ ನೀವೆಲ್ಲ ಹೊರಗೆ ಹೋದ ಮೇಲೆ ನನ್ನ ಪಕ್ಕದಲ್ಲೇ ಬಂದು ಕೂರುತ್ತದೆ. ಕೂರಲಿ ಎಂದು ಸುಮ್ಮನಿದ್ದೇನೆ. ಇಲ್ಲಿ ಅದಕ್ಕೂ ನೋಡುವುದಕ್ಕೆ ಏನಾದರೂ ಇರುತ್ತದೆ.