ಒಗೆಯುವ ಗಂಡಸಿನ ಫೋಟೊ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮವ್ವ ಕಂಡಕಂಡವರ ಮುಂದೆ ಹೇಳುತ್ತಿದ್ದಳು. ಅಂಥವಳಿಗೆ ಮನೆಮನೆ ತಿರುಗಿ, ಹಲ್ಲು ಕಿರಿದು, ಪ್ರಶ್ನೆ ಕೇಳುವ ಕೆಲಸ ಸಿಕ್ಕಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಬಿ.ಎ. ಮುಗಿಸಿ ಬೆಳಗಾವಿಯ ಖಾಸಬಾಗದ ಮನೆಯಲ್ಲಿ ವರ್ಷದಿಂದ ಖಾಲಿ ಕುಳಿತಿದ್ದೆ. ಖಾಲಿ ಅನ್ನುವುದು ಊರವರ ಮಾತು. ರೊಟ್ಟಿ, ಮುಸುರೆ, ಒಗೆತ ಮೂರೂ ನನ್ನ ಕೊರಳಿಗೇ ಬಿದ್ದಿದ್ದವು.

ಬಟ್ಟೆ ಸೋಪಿನ ಕಂಪನಿಯೊಂದು ಹೊಸ ಜಾಹೀರಾತು ಮಾಡಿತ್ತು. ಅದನ್ನು ಟಿವಿಗೆ ಬಿಡುವ ಮುಂಚೆ ಜನ ಏನನ್ನುತ್ತಾರೆಂದು ತಿಳಿಯಬೇಕಿತ್ತು. ನೆಹರು ನಗರದ ಒಂದು ಮನೆಯ ಮಹಡಿಯಲ್ಲಿ ಆಫೀಸು ತೆರೆದು, ನನ್ನಂಥ ಐದಾರು ಹುಡುಗಿಯರನ್ನು ಹತ್ತು ದಿನದ ಮಟ್ಟಿಗೆ ತೆಗೆದುಕೊಂಡಿದ್ದರು. ಬೆಂಗಳೂರಿನಿಂದ ಬಂದ ಮ್ಯಾನೇಜರು ನಮ್ಮೆಲ್ಲರ ಕೈಗೆ ಒಂದೊಂದು ದೊಡ್ಡ ಫೋಟೊ ಕೊಟ್ಟರು. ಮೀಸೆಯ ಗಂಡಸೊಬ್ಬ ಅಂಗಿಯ ತೋಳು ಮಡಚಿಕೊಂಡು ಒಗೆಯುವ ಕಲ್ಲಿನ ಮುಂದೆ ಕುಳಿತಿದ್ದ. ಅವನ ಹಿಂದೆ ಹೆಂಡತಿ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ ‘ಒಗೆಯುವವನೇ ಗಂಡಸು’ ಎಂದಿತ್ತು. “ನಾವು ಬರೀ ಸೋಪು ಮಾರ್ತಿಲ್ಲ, ಸಮಾಜಕ್ಕೆ ಒಂದು ಮಾತು ಹೇಳ್ತಿದೀವಿ” ಎಂದರು ಮ್ಯಾನೇಜರು.

ನನಗಂತೂ ಆ ಮಾತು ನೇರ ಎದೆಗೆ ನಾಟಿತು. ನಮ್ಮಪ್ಪ, ಅಣ್ಣ ಇಬ್ಬರೂ ಬನಿಯನ್ನನ್ನು ಬಚ್ಚಲಲ್ಲೇ ಬಿಚ್ಚಿ ಬಿಸಾಕಿ ಬರುವವರು. ಅದು ಮರುದಿನ ಹಗ್ಗದ ಮೇಲೆ ಹೇಗೆ ಹಾರಿ ಕೂರುತ್ತದೆಂದು ಅವರು ಒಮ್ಮೆಯೂ ಕೇಳಿದವರಲ್ಲ. ಆ ಸಂಜೆ ಅಣ್ಣನಿಗೆ ಬೇಕಂತಲೇ ಫೋಟೊ ತೋರಿಸಿದೆ. ಅವನು ಹಿಂದೆ ಚಹಾ ಕುಡಿಯುವವಳನ್ನು ನೋಡಲೇ ಇಲ್ಲ. “ಪಾಪ, ಹೆಂಡ್ತಿ ಸತ್ತಾಳೇನ ಅವಂದು?” ಎಂದ.

ಮೊದಲ ನಾಲ್ಕು ದಿನ ನಮ್ಮ ಖಾಸಬಾಗದಲ್ಲೇ ತಿರುಗಿದೆ. ಫೋಟೊ ತೋರಿಸಿ ಮೂರು ಪ್ರಶ್ನೆ ಕೇಳಬೇಕು: ನೋಡಿ ಏನನಿಸಿತು, ಈ ಸೋಪು ಕೊಳ್ಳುತ್ತೀರಾ, ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವವರು ಯಾರು. ಉತ್ತರಕ್ಕೆ ತಕ್ಕ ಚೌಕದಲ್ಲಿ ಗುರುತು ಹಾಕಬೇಕು. ಉತ್ತರ ಕೊಟ್ಟವರಿಗೆ ಎರಡು ಸೋಪು ಪುಕ್ಕಟೆ, ಆದರೆ ಸೋಪು ಇನ್ನೂ ಬಂದಿರಲಿಲ್ಲ. ಆಮೇಲೆ ತಂದು ಕೊಡುತ್ತೇವೆಂದು ಹೇಳಬೇಕಿತ್ತು.

ಕಟ್ಟೆಯ ಮೇಲೆ ಕುಳಿತ ಒಬ್ಬ ಯಜಮಾನ ಫೋಟೊ ನೋಡಿದವನೇ ಉರಿದುಬಿದ್ದ. “ಒಗ್ಯಾವನ ಗಂಡಸಂದ್ರ, ಒಗೀಲಾರದ ನಾವೇನು? ಸಾಬಾಣ ಮಾರೂದು ಬಿಟ್ಟು ನಮ್ಮ ಗಂಡಸ್ತನಾ ಅಳ್ಯಾಕ ಇವರ್ಯಾರು? ಈ ಸಾಬಾಣ ನಮ್ಮ ಹೊಸ್ತಲಾ ದಾಟೂದಿಲ್ಲ, ಬರಕೋ!” ಬರೆದುಕೊಂಡೆ. ಮುಂದಿನ ಮನೆಯಲ್ಲಿ ನಿವೃತ್ತ ಸೈನಿಕರಿದ್ದರು. “ಮಿಲ್ಟ್ರಿಯೊಳಗ ಹದಿನೇಳ ವರ್ಷ ನನ್ನ ಅರಿವಿ ನಾನ ಒಗದೇನಿ. ಯಾರೂ ಫೋಟೋ ತಗೀಲಿಲ್ಲ” ಎಂದರು. ಈಗ ಮನೆಯಲ್ಲಿ ಯಾರು ಒಗೆಯುತ್ತಾರೆ ಎಂದು ಕೇಳಿದೆ. “ಈಗ ರಿಟೈರ್ ಆಗೇನಲ್ಲ!” ಎಂದರು, ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ.

ಕುರಿ ಮಾರಲು ಬಂದು ತಮ್ಮನ ಮನೆಯಲ್ಲಿ ಉಳಿದಿದ್ದ ಒಬ್ಬ ಅಜ್ಜ ಫೋಟೊವನ್ನು ಮೂಗಿನ ತನಕ ತಂದುಕೊಂಡು ನೋಡಿದ. “ಕುರಿ ಮೈ ನಾವ ತೊಳೀತೀವಿ, ಕಂಬಳಿ ನಾವ ಒಗೀತೀವಿ. ಅದರಾಗೇನೈತಿ? ಇವನ ಕೈಯಾಗಿಂದು ಅಂಗ್ಯೋ, ಸೀರ್ಯೋ, ಅದನ್ನ ಹೇಳು ಮೊದಲ.” ಆಮೇಲೆ ಲಕ್ಷ್ಯ ಕೊಟ್ಟು ನೋಡಿದರೆ, ಎಲ್ಲ ಗಂಡಸರೂ ಅದನ್ನೇ ಹುಡುಕುತ್ತಿದ್ದರು. ಅಂಗಿಯಾದರೆ ಅವನದು, ಒಗೆದುಕೊಳ್ಳಲಿ. ಸೀರೆಯಾದರೆ ಮರ್ಯಾದೆ ಹೋಯಿತು. ಫೋಟೊದಲ್ಲಿ ನೊರೆಯೊಳಗೆ ಮುಳುಗಿದ ಏನೋ ಬಿಳಿಯದು ಕಾಣುತ್ತಿತ್ತು, ಅಷ್ಟೇ. ಮ್ಯಾನೇಜರನ್ನು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

ಹೆಂಗಸರಾದರೂ ಕುಣಿದಾಡುತ್ತಾರೆಂದು ನಾನು ತಿಳಿದಿದ್ದೆ. ಎಲ್ಲಿಯದು! ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು ಕಣ್ಣೀರು ತಂದುಕೊಂಡಳು. ಇನ್ನೊಬ್ಬಳು, “ಸಾಬಾಣ ಛಲೋ ಇದ್ರ ತಗೋತೀನವಾ, ಆದ್ರ ಈ ಚಿತ್ರದ ಹಾಳಿ ಅಂಗಡ್ಯಾಗ ತಗದ ಕೊಡ್ರಿ” ಎಂದಳು. ಅವಳಿಗೆ ‘ಕೊಳ್ಳುತ್ತಾರೆ’ ಎಂದು ಹಾಕಬೇಕೋ, ‘ಕೊಳ್ಳುವುದಿಲ್ಲ’ ಎಂದೋ? ಮೂರನೆಯವಳು ಮಾತ್ರ ಜಾಣೆ. “ಗಂಡಸೂರು ಒಗ್ಯಾಕ ಕುಂತ್ರ ಒಂದ ಸಾಬಾಣದ ಜಾಗಾಕ ಎರಡ ಕರಗತಾವ. ಕಂಪನ್ಯಾವ್ರಿಗೆ ಮತ್ತೇನ ಬೇಕು?” ಎಂದಳು. ಅದಕ್ಕೆ ಯಾವ ಚೌಕವೂ ಇರಲಿಲ್ಲ. ‘ಬಟ್ಟೆ ಒಗೆಯುವವರು: ಗಂಡಸು’ ಎಂಬ ಚೌಕವಂತೂ ನಾಲ್ಕು ದಿನವೂ ಖಾಲಿಯೇ ಉಳಿಯಿತು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಐದನೆಯ ದಿನ ಖಾನಾಪುರಕ್ಕೆ ಕಳಿಸಿದರು. ಅರ್ಧ ಓಣಿ ಮರಾಠಿ, ಅರ್ಧ ಕನ್ನಡ. ಮೊದಲನೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. “ಅಗ ಬಾಯೀ, ಬೆಳಗಾವಿಂದ ಬಂದ್ಯಾ? ಯಾರ ಕಡಿಂದ?” ಎಂದಳು. ಕಂಪನಿ ಕಡೆಯಿಂದ, ಮನೆಯಲ್ಲಿ ಯಾರು ಬಟ್ಟೆ ಒಗೆಯುತ್ತಾರೆಂದು ಕೇಳಲು ಬಂದಿದ್ದೇನೆ ಎಂದೆ. ಅಜ್ಜಿ ಮೊರ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೂಂ ಹೂಂ, ಕಂಪನಿ. ಕುಂದರು ಬಾ” ಎಂದು ಜಾಗ ಮಾಡಿಕೊಟ್ಟಳು.

ಆಮೇಲೆ ತಾನಾಗಿಯೇ ಶುರು ಮಾಡಿದಳು. “ಬಾಜೂ ಮನ್ಯಾಗ ಒಬ್ಬ ಹುಡುಗ ಅದಾನ. ಹಂಚಿನ ಕಾರಖಾನ್ಯಾಗ ಕ್ಲಾರ್ಕ. ಬಂಗಾರದಂಥಾ ಹುಡುಗ. ಅವರವ್ವಗ ಲಕ್ವಾ ಹೊಡದ ಎರಡ ವರ್ಷ ಆತು, ಎದ್ದ ಕುಂದ್ರಾಕ ಆಗೂದಿಲ್ಲ. ಆಕೀ ಹಾಸಿಗಿ, ಸೀರಿ ಎಲ್ಲಾ ಅವನ ಒಗೀತಾನ. ಹೆಂಗಸರು ಹೊಳಿಗೆ ಬರೂದ್ರಾಗ ಮುಗಿಸಿ ಬಂದಿರ್ತಾನ. ಇಂಥಾವ ಎಲ್ಲಿ ಸಿಗಬೇಕು ಹೇಳು.” ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸಿಕ್ಕನಲ್ಲ ಒಬ್ಬ, ಅದೂ ಸೀರೆ ಒಗೆಯುವವನು!

ಅವನು ಆಗಷ್ಟೇ ಊಟಕ್ಕೆ ಮನೆಗೆ ಬಂದಿದ್ದ. ಇಪ್ಪತ್ತೆಂಟರ ಆಸುಪಾಸು. ಬೆಳಗಾವಿಯಿಂದ ಬಂದೆ ಎನ್ನುತ್ತಲೇ ಗಡಿಬಿಡಿಯಿಂದ ಚಾಪೆ ಹಾಸಿದ. “ಬರ್ರಿ, ಕುಂದರ್ರಿ” ಎಂದು ನೀರು ತಂದುಕೊಟ್ಟ. ಫೋಟೊ ತೋರಿಸಿ, ನಿಮ್ಮ ಮನೆಯಲ್ಲಿ ಒಗೆಯುವವರು ಯಾರೆಂದು ಕೇಳಿದೆ. ಅವನು ಒಳಕೋಣೆಯ ಕಡೆ ಒಮ್ಮೆ ನೋಡಿ, “ಕೆಲಸದಾಕಿ ಬರ್ತಾಳ್ರಿ” ಎಂದ.

ನನ್ನ ಮೂಗಿನ ತುದಿಯ ಸಿಟ್ಟು ಅಲ್ಲೇ ಇತ್ತಲ್ಲ. “ಸುಳ್ಳ ಯಾಕ ಹೇಳ್ತೀರಿ? ಬಾಜೂ ಮನಿ ಅಜ್ಜಿ ಎಲ್ಲಾ ಹೇಳ್ಯಾರ. ಹೊಳಿಗೆ ಹೋಗಿ ನೀವ ಒಗೀತೀರಂತ.” ಅವನ ಮುಖ ಸಪ್ಪಗಾಯಿತು. ನಾನು ಬಿಡಲಿಲ್ಲ. “ಇದರಾಗ ನಾಚಿಕಿ ಏನೈತ್ರಿ? ಇಷ್ಟ ದೊಡ್ಡ ಕಂಪನ್ಯಾವ್ರ ಹೇಳಾಕತ್ತಾರ, ಒಗೆಯುವವನೇ ಗಂಡಸು ಅಂತ!”

ಅವನು ಫೋಟೊ ಇಸಿದುಕೊಂಡು ಬಹಳ ಹೊತ್ತು ನೋಡಿದ. “ಇವಂದು ಮದಿವಿ ಆಗೇತಲ್ರಿ” ಎಂದ.

“ಆಗೇತಿ. ಅದಕ್ಕೇನೀಗ?”

“ಮದಿವಿ ಆದಮ್ಯಾಲ ಒಗದ್ರ ಗಂಡಸು ಅಂತಾರ್ರಿ. ಮೊದಲ ಒಗದ್ರ, ಈ ಮನಿಗೆ ಹೆಣ್ಣ ಕೊಟ್ರ ಮುದುಕೀ ಸೇವಾ ಮಾಡಿ ಸಾಯಬೇಕು ಅಂತಾರ.”

ಅಷ್ಟರಲ್ಲಿ ಒಳಗಿನಿಂದ ತಾಯಿಯ ತೊದಲು ದನಿ ಬಂತು. “ಯಾರ ಬಂದಾರೋ? ಹುಡುಗೀ ಕಡ್ಯಾವ್ರೇನು? ಚಾ ಮಾಡೋ.” ಅವನು ನನ್ನ ಎದುರು ಕುಕ್ಕರಗಾಲಲ್ಲಿ ಕುಳಿತು ದನಿ ತಗ್ಗಿಸಿದ. “ನೋಡ್ರಿ, ನಿಮ್ಮ ಹುಡುಗಿಗೆ ಏನೂ ತ್ರಾಸ ಆಗೂದಿಲ್ಲ. ಅವ್ವನ್ನ ನಾನ ನೋಡ್ಕೋತೀನಿ. ಇಷ್ಟ ಹೇಳ್ರಿ ಅವರಿಗೆ.”

ಆಗ ಹೊಳೆಯಿತು ನನಗೆ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಓಣಿಗೆ ಯಾರನ್ನಾದರೂ ಕಳಿಸಿ ಮನೆತನ ವಿಚಾರಿಸುತ್ತಾರೆ. ಹಾಗೆ ಬಂದವರು ಅದಕ್ಕೇ ಬಂದೆವೆಂದು ಬಾಯಿಬಿಡುವುದಿಲ್ಲ. ಬಾಡಿಗೆ ಮನೆ ಹುಡುಕುತ್ತಿದ್ದೇವೆ ಅನ್ನುತ್ತಾರೆ, ಎಮ್ಮೆ ನೋಡಲು ಬಂದೆವು ಅನ್ನುತ್ತಾರೆ. ನಮ್ಮ ಸೋದರತ್ತೆಯೇ ಒಮ್ಮೆ ಬಳೆ ಮಾರುವವಳಾಗಿ ಹೋಗಿ ಬಂದಿದ್ದಳು. ಇದೆಲ್ಲ ಗೊತ್ತಿದ್ದೂ, ಬೆಳಗಾವಿಯಿಂದ ಬಂದ ಹೆಣ್ಣುಮಗಳು ನಿಮ್ಮ ಮನೆಯಲ್ಲಿ ಯಾರು ಒಗೆಯುತ್ತಾರೆ ಎಂದು ಕೇಳಿದರೆ ಜನ ಏನೆಂದುಕೊಂಡಾರು ಎಂಬುದು ನನ್ನ ಬಿ.ಎ. ತಲೆಗೆ ಹೋಗಿರಲಿಲ್ಲ. ಇವನಿಗೆ ಬೆಳಗಾವಿಯ ಯಾವುದೋ ಹುಡುಗಿಯ ಮಾತುಕತೆ ನಡೆದಿರಬೇಕು.

“ಅಯ್ಯೋ, ನಾ ಯಾವ ಹುಡುಗೀ ಕಡ್ಯಾಕೀನೂ ಅಲ್ರೀ! ಖರೇನ ಸಾಬಾಣದ ಕಂಪನ್ಯಾಕಿ!” ಎಂದೆ. ಫಾರ್ಮು ತೋರಿಸಿದೆ, ಆಣೆ ಮಾಡಿದೆ. “ಹೌದ್ರಿ, ಕಂಪನಿ” ಎಂದು ತಲೆ ಅಲ್ಲಾಡಿಸಿದ, ಥೇಟ್ ಆ ಅಜ್ಜಿಯ ಹಾಗೆ. “ಹಂಗಾರ ಸಾಬಾಣ ಎಲ್ಲೈತ್ರಿ?” ಎಂದು ಕೇಳಿದ. ಇನ್ನೂ ಬಂದಿಲ್ಲ ಎಂದೆ. ಅವನು ನಕ್ಕ. ಅದರ ಬದಲು ಕೆನ್ನೆಗೆ ಒಂದು ಬಿಟ್ಟಿದ್ದರೂ ನಡೆಯುತ್ತಿತ್ತು. ಕೆಲಸದವಳು ಎಂದೇ ಬರೆಯಿರಿ ಎಂದು ಮತ್ತೊಮ್ಮೆ ಕೇಳಿಕೊಂಡ. ನಾನು ಅವನ ಕಣ್ಣೆದುರೇ ‘ಗಂಡಸು’ ಎಂಬ ಚೌಕದಲ್ಲಿ ಗುರುತು ಹಾಕಿದೆ. ಖರೇ ಇದ್ದದ್ದನ್ನೇ ಬರೆದೆ. ಆದರೆ ಐದು ದಿನದ ಮೇಲೆ ಆ ಚೌಕ ತುಂಬಿತೆಂದು ಒಳಗೊಳಗೆ ಹಿಗ್ಗಿದ್ದೂ ಖರೇ, ಈಗ ಮುಚ್ಚಿಡುವುದೇನಿದೆ.

ಹತ್ತು ದಿನ ಮುಗಿದವು. ನಮ್ಮ ಫಾರ್ಮುಗಳನ್ನು ಓದಿ ಮ್ಯಾನೇಜರು ತಲೆ ಕೆರೆದುಕೊಂಡರು. “ನಿಮ್ಮ ಊರಿನವರಿಗೆ ಇದು ಹಿಡಿಸಿತೋ ಇಲ್ಲವೋ, ಒಂದೂ ತಿಳಿಯೋದಿಲ್ಲವಲ್ಲ” ಎಂದರು. ನನಗೂ ತಿಳಿದಿರಲಿಲ್ಲ. ಆ ಜಾಹೀರಾತು ಟಿವಿಯಲ್ಲಿ ಬಂದದ್ದನ್ನು ನಾನಂತೂ ನೋಡಲಿಲ್ಲ.

ಇನ್ನೊಂದು ವಾರಕ್ಕೆ ಸೋಪು ಬಂತು. ಕೊಟ್ಟ ಮಾತಿನಂತೆ ಹಂಚಲು ಒಂದು ರವಿವಾರ ಖಾನಾಪುರಕ್ಕೆ ಹೋದೆ. ಅಜ್ಜಿ ಸೋಪನ್ನು ಮೂಸಿ, ತಿರುಗಿಸಿ ನೋಡಿ, ಹಣೆ ಬಡಿದುಕೊಂಡಳು. “ಅಯ್ಯ ನನ್ನ ಶಿವನ! ಖರೇನ ಸಾಬಾಣದಾಕೀ ಏನ ನೀ?”

ಆಮೇಲೆ ಆದದ್ದನ್ನು ಹೇಳಿದಳು. ನಾನು ಹೋದ ದಿನವೇ ಸಂಜೆ ಅವನು ಮದುವೆಯ ಮಾತುಕತೆಗೆ ನಡುವೆ ನಿಂತಿದ್ದ ಹಿರಿಯರ ಮನೆಗೆ ಹೋಗಿದ್ದ. ಹೆಣ್ಣಿನವರಿಗೆ ಹೇಗೂ ಗೊತ್ತಾಗಿದೆ, ಮುಚ್ಚಿಟ್ಟವನೆನಿಸಿಕೊಳ್ಳುವುದಕ್ಕಿಂತ ತಾನೇ ಹೇಳುವುದು ಮೇಲು ಎಂದುಕೊಂಡು, ತಾಯಿ ಹಾಸಿಗೆ ಹಿಡಿದದ್ದು, ತಾನೇ ಒಗೆಯುವುದು ಎಲ್ಲ ಹೇಳಿದ್ದ. ಹೆಣ್ಣಿನವರಿಗೆ ಅಲ್ಲಿಯ ತನಕ ತಾಯಿಗೆ ಮೊಣಕಾಲು ನೋವು ಎಂದಷ್ಟೇ ಹೇಳಿದ್ದರು. ಹಿರಿಯರು ಹೋಗಿ ಮುಟ್ಟಿಸಿದರೆ, ನಾವು ಯಾರನ್ನೂ ಕಳಿಸಿಯೇ ಇಲ್ಲ ಎಂದರಂತೆ ಹೆಣ್ಣಿನವರು. ಮರುದಿನ ಬೇಡವೆಂದು ಹೇಳಿಕಳಿಸಿದರಂತೆ.

ನನ್ನಿಂದಲೇ ಅವನ ಮದುವೆ ಮುರಿಯಿತು. ಮರುಗಳಿಗೆಯೇ ಆ ಹುಡುಗಿಯ ನೆನಪಾಯಿತು. ಮೊಣಕಾಲು ನೋವೆಂದು ನಂಬಿ ಬರುತ್ತಿದ್ದಳಲ್ಲ, ಅದು ನ್ಯಾಯವೇ? ಗೊತ್ತಾದದ್ದು ಅವಳಿಗೆ ಒಳ್ಳೆಯದೇ ಆಯಿತಲ್ಲ? ಹಾಗಾದರೆ ನಾನು ಮಾಡಿದ್ದು ತಪ್ಪೋ ಸರಿಯೋ? ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ಅಷ್ಟರಲ್ಲಿ ಅವನು ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹೊಳೆಯಿಂದ ಬಂದ. ಹಾಡುಹಗಲು. ಅಜ್ಜಿ ಕೂಗಿ ಕರೆದು, “ಇಕೀ ಖರೇನ ಸಾಬಾಣದಾಕಿ ಅಂತೋ” ಎಂದಳು. ನಾನು ಎರಡು ಸೋಪು ಅವನ ಕೈಗಿಟ್ಟೆ. ಅವನು ಸೋಪು ನೋಡಿದ, ನನ್ನನ್ನು ನೋಡಿದ. “ಖರೇನ ಹೇಳಿದ್ರಿ ನೀವು. ನಾನ ನಂಬಲಿಲ್ಲ” ಎಂದ. ಒಂದು ಬೈಗುಳವಿಲ್ಲ, ಏನಿಲ್ಲ. ನನಗೆ ತಡೆಯಲಾಗಲಿಲ್ಲ. “ತಪ್ಪಾತ್ರಿ ನಂದು. ಆದ್ರ ಅವರಿಗೂ ಬುದ್ಧಿ ಇಲ್ಲ! ನಿಮ್ಮಂಥಾವ್ರು ಸಾವಿರಕ್ಕ ಒಬ್ರು. ನಿಮ್ಮನ್ನ ಮಾಡ್ಕೋಳಾಕ ಹುಡುಗಿ ಪುಣ್ಯಾ ಮಾಡಿರಬೇಕು!” ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ.

ಅಜ್ಜಿ ಪೂರ್ತಿ ಕೇಳಿಸಿಕೊಂಡಳು. “ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ ಆಗಬಾರ್ದು ನೋಡವಾ. ನಿನ್ನ ಕೊರಳಾಗೂ ಲಿಂಗ ಐತಿ, ನಮ್ಮಾಕಿನ ಅದಿ. ನಿನ್ನದೂ ಲಗ್ನ ಆಗಿಲ್ಲ. ನೀ ಮಾಡ್ಕೋತೀ ಏನ ಇವನ್ನ?”

“ಏ ಆಯಿ, ಸುಮ್ಮನ ಕುಂದರು” ಎಂದ ಅವನು. ಆದರೆ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಬಕೆಟ್ಟಿನಲ್ಲಿ ತಾಯಿಯ ಹಾಸಿಗೆ ವಸ್ತ್ರ ಹಿಂಡಿಟ್ಟಿತ್ತು. ಅವನ ಮನೆಯೊಳಗೆ ತಾಯಿ ಕೆಮ್ಮಿದ್ದು ಕೇಳಿಸಿತು.

“ನಂದು ಲಗ್ನ ಗಟ್ಟಿ ಆಗೇತ್ರಿ” ಎಂದೆ.

ಎಲ್ಲಿಯ ಗಟ್ಟಿ! ನನ್ನನ್ನು ನೋಡಲು ಅಲ್ಲಿಯ ತನಕ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ, ಒಂದು ಉಸಿರಿನ ತಡವೂ ಇಲ್ಲದೆ ಬಂತು.

“ಛಲೋ ಆತ್ರಿ” ಎಂದ ಅವನು. “ಏನ್ ಮಾಡ್ತಾರ ಅವರು?”

“ಬ್ಯಾಂಕಿನ್ಯಾಗ ಅದಾರ.”

ಅವನು ತಲೆಯಾಡಿಸಿದ. ಈ ಸಲ ನಗಲಿಲ್ಲ. ನಾನು ಖರೇ ಮಾತಿನ ಹುಡುಗಿ ಎಂದು ಅವನಿಗೆ ಆಗಷ್ಟೇ ಗೊತ್ತಾಗಿತ್ತು, ನಂಬಿಬಿಟ್ಟ.