ತವರಿನ ಎಣ್ಣೆ

ನೀಲಮ್ಮನವರು ರೊಟ್ಟಿ ಬಡಿಯಲು ಕೂತರೆ, ಅವರು ಇವತ್ತು ಯಾರ ಮೇಲೆ ಎಷ್ಟು ಸಿಟ್ಟಾಗಿದ್ದಾರೆ ಎಂದು ಆ ಸದ್ದಿನಲ್ಲೇ ನಾನು ಹೇಳಿಬಿಡುತ್ತಿದ್ದೆ. ಬಸವೇಶ್ವರನಗರದ ನಮ್ಮ ವಠಾರದಲ್ಲಿ ಇಬ್ಬರ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅವರು ಗದಗದ ಕಡೆಯವರು. ಗಂಡನಿಗೆ ಸರ್ಕಾರಿ ಕಚೇರಿಯಿಂದ ಇಲ್ಲಿಗೆ ವರ್ಗವಾಗಿತ್ತು.

ಕಾಮಾಕ್ಷಿಪಾಳ್ಯದ ಫ್ಲೋರ್ ಮಿಲ್ಲಿಗೆ ಜೋಳ ಹೊತ್ತುಕೊಂಡು ಹೋದರೆ ಅಲ್ಲೊಂದು ಜಗಳ ಖಾಯಂ. ಮೊದಲು ತಮ್ಮ ಜೋಳದಲ್ಲೇ ಒಂದು ಬೊಗಸೆ ಹಾಕಿಸಿ, ಹಿಂದಿನವರ ರಾಗಿಹಿಟ್ಟೆಲ್ಲ ಕಲ್ಲಿನಿಂದ ಹೊರಬಿದ್ದ ಮೇಲೆಯೇ ಉಳಿದದ್ದನ್ನು ಸುರಿಯಲು ಬಿಡುವರು.

"ಯಾಕಮ್ಮಾ, ರಾಗಿ ಏನು ವಿಷಾನಾ?" ಎಂದು ಮಿಲ್ಲಿನವನು ಗೊಣಗುತ್ತಿದ್ದ.

"ವಿಷ ಅಲ್ಲಪಾ, ರೊಟ್ಟಿ ಹರೀತದ. ಹರದ ರೊಟ್ಟಿ ಮಂದಿ ಎಲಿಗೆ ಹಾಕಿದ್ರ ನಮ್ಮವ್ವ ಮ್ಯಾಲಿಂದ ಬೈತಾಳ."

ಮುದ್ದೆ ತಿಂದು ಬೆಳೆದ ನನ್ನನ್ನೂ ಬಿಡುತ್ತಿರಲಿಲ್ಲ. "ಮುದ್ದಿ ನುಂಗೋರಿಗೆ ದೇವರು ಹಲ್ಲು ಯಾಕ ಕೊಟ್ಟಾನೋ," ಎನ್ನುತ್ತಲೇ ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕುವರು.

ಅಂಥ ಕೈಯ ಗಂಟುಗಳು ಊದತೊಡಗಿದವು. ರಾಜಾಜಿನಗರದ ಡಾಕ್ಟರ ಬಳಿಗೆ ನಾನೇ ಕರೆದುಕೊಂಡು ಹೋದೆ. "ಇದು ಕೀಲುವಾತ. ಗುಳಿಗೆ ಮಾತ್ರ ಬಿಡಬೇಡಿ, ಬಿಟ್ರೆ ಬೆರಳು ಸೊಟ್ಟಗಾಗುತ್ತೆ," ಎಂದು ಅವರು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಗುಳಿಗೆ ಶುರುವಾಯಿತು, ಊತ ಇಳಿಯಿತು, ರೊಟ್ಟಿಯ ಸದ್ದು ಮತ್ತೆ ಗೋಡೆ ದಾಟಿ ಬಂತು.

ಇನ್ನು ತಮ್ಮನ ವಿಷಯ. ನೀಲಮ್ಮನವರಿಗೆ ತವರು ಅಂತ ಉಳಿದದ್ದು ಒಬ್ಬ ತಮ್ಮ, ಅವನು ಲಂಡನ್ನಿನಲ್ಲಿದ್ದ. ಅವರ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಬಂದು ತವರಿಗೆ ಕರೆದೊಯ್ಯಬೇಕು, ಆಗದಿದ್ದರೆ ಎಳ್ಳು, ಶೇಂಗಾದ ಉಂಡಿಯನ್ನಾದರೂ ಕಳಿಸಬೇಕು. ತವರಿನ ಉಂಡಿ ಬಂದ ಮೇಲೆ ಬೇರೆಯದನ್ನು ಬಾಯಿಗೆ ಹಾಕಿದರೆ ತವರಿಗೆ ಅವಮಾನ ಎಂದು ಇವರ ತಾಯಿ ಕಲಿಸಿದ್ದರಂತೆ. ಇವರು ಕೈನೋವಿನ ವಿಷಯವನ್ನೂ ಸೇರಿಸಿ ಕಾಗದ ಬರೆಯುತ್ತಲೇ ಇದ್ದರೂ, ಈ ಮಹಾರಾಯನಿಂದ ವರ್ಷಗಟ್ಟಲೆ ಉಂಡಿಯೂ ಇಲ್ಲ, ಸುದ್ದಿಯೂ ಇಲ್ಲ. ಆದರೂ ಪಂಚಮಿ ಬಂತೆಂದರೆ ನೀಲಮ್ಮನವರು ಹೊಸ್ತಿಲಲ್ಲಿ ಕೂತು ಗೇಟು ನೋಡುವರು. ನನಗೆ ಆಗಲೇ ಮೈಯೆಲ್ಲ ಉರಿಯುತ್ತಿತ್ತು.

ಒಂದು ವರ್ಷ ಪಂಚಮಿಯ ವಾರದಲ್ಲೇ, ರಜೆಗೆ ಬಂದಿದ್ದ ತಮ್ಮನ ಗೆಳೆಯನೊಬ್ಬ ಒಂದು ಬಾಟಲಿ ತಂದುಕೊಟ್ಟ. ಬ್ಲ್ಯಾಕ್ ಕರಂಟ್ ಎಂಬ ಹಣ್ಣಿನ ಬೀಜದ ಎಣ್ಣೆ ತುಂಬಿದ ಕ್ಯಾಪ್ಸೂಲುಗಳು. ಆ ಹಣ್ಣನ್ನು ವಠಾರದಲ್ಲಿ ಯಾರೂ ಕಂಡವರಲ್ಲ. "ಕೈನೋವಿಗೆ ಒಳ್ಳೇದಂತೆ, ದಿನಾ ಒಂದು ತಗೋಬೇಕಂತೆ," ಎಂದಷ್ಟೇ ಹೇಳಿದ. ಮೇಲಿನ ಸಿಪ್ಪೆ ಯಾತರದು ಎಂದು ನೀಲಮ್ಮನವರು ಕೇಳಿದ್ದಕ್ಕೆ, ಪಾಪ, ದನದ ಎಲುಬಿನ ಅಂಟು ಎಂದು ನಿಜವನ್ನೇ ಹೇಳಿಬಿಟ್ಟ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಂಗಸು ಅದನ್ನು ನುಂಗುವುದುಂಟೆ?

"ಜಯಾ, ನೀವು ಕೋಳಿ ತಿನ್ನೋ ಮಂದಿ, ನಿನಗ ದೋಷಿಲ್ಲ. ಚುಚ್ಚಿ ಹಿಂಡಿ ಕೊಡವಾ," ಎಂದರು.

ಸರಿ, ದಿನಾ ಬೆಳಿಗ್ಗೆ ನಾನು ಸೇಫ್ಟಿಪಿನ್ನಿನಿಂದ ಚುಚ್ಚಿ ಎಣ್ಣೆಯನ್ನು ಗುರೆಳ್ಳು ಚಟ್ನಿಪುಡಿಯ ಮೇಲೆ ಹಿಂಡುತ್ತಿದ್ದೆ, ಅವರು ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದರು. ಒಂದು ಹನಿ ತಟ್ಟೆಗೆ ಬಿದ್ದರೂ ರೊಟ್ಟಿಯ ಚೂರಿನಿಂದ ಒರೆಸಿ ತಿನ್ನುವರು. "ತವರಿನ ಎಣ್ಣಿ ನೋಡವಾ," ಎನ್ನುವಾಗ ಅವರ ಮುಖ ಅರಳುತ್ತಿತ್ತು. ಬಾಟಲಿ ಇದ್ದದ್ದು ದೇವರ ಗೂಡಿನಲ್ಲಿ.

ಬರುಬರುತ್ತಾ ಗೋಡೆಯಾಚೆಯ ಸದ್ದು ಕ್ಷೀಣಿಸಿತು. ಒಂದು ದಿನ ಅವರ ಅಡುಗೆಮನೆಯಲ್ಲಿ ಉಪ್ಪು ಹುಡುಕುವಾಗ ಡಬ್ಬಿಗಳ ಹಿಂದೆ ಡಾಕ್ಟರ ಗುಳಿಗೆಯ ಪೊಟ್ಟಣಗಳು ಸಿಕ್ಕವು. ಒಂದನ್ನೂ ಒಡೆದಿರಲಿಲ್ಲ.

"ನೀಲಮ್ಮೋರೆ, ಏನಿದು? ಗುಳಿಗೆ ಎಲ್ಲಾ ಹಾಗೇ ಇದ್ಯಲ್ಲ."

"ಬಿಟ್ಟೀನಿ. ತವರಿನದು ಬಂದ ಮ್ಯಾಲೂ ಅಂಗಡೀದು ತಿಂದ್ರ, ತಮ್ಮ ಕೊಟ್ಟಿದ್ದು ಸಾಲಲಿಲ್ಲ ಅಂದಂಗ ಅಲ್ಲೇನು?"

"ನಿಮ್ಮ ತಮ್ಮನ ತಲೆ. ಗುಳಿಗೆ ಬಿಡಿ ಅಂತ ಅವರು ಹೇಳಿದ್ರಾ?"

"ಅಂವ ಯಾಕ ಹೇಳ್ತಾನ? ನನಗ ತಿಳೀಬೇಕಲ್ಲ."

ಇಂಥವರಿಗೆ ಏನು ಹೇಳುವುದು? ಗಂಡನಿಗೆ ಹೇಳಿದರೆ, "ಅಕಿ ಕೇಳಂಗಿಲ್ಲರೀ," ಎಂದು ಪೇಪರು ಬಿಡಿಸಿಕೊಂಡು ಕೂತರು. ಬೈದು, ಅತ್ತು, ಕೊನೆಗೆ ನಾನೇ ಡಾಕ್ಟರ ಬಳಿಗೆ ಎಳೆದುಕೊಂಡು ಹೋಗುವಷ್ಟರಲ್ಲಿ ಬೆರಳುಗಳು ಒಂದೇ ಕಡೆಗೆ ವಾಲಿಬಿಟ್ಟಿದ್ದವು. ಮತ್ತೆ ಗುಳಿಗೆ ಹಿಡಿದ ಮೇಲೆ ನೋವು ತಗ್ಗಿತು, ಬೆರಳು ನೆಟ್ಟಗಾಗಲಿಲ್ಲ. ಎಣ್ಣೆಯ ಮೇಲೆ ನನಗೆ ಸಿಟ್ಟಿಲ್ಲ. ಗುಳಿಗೆಯ ಜೊತೆಗೆ ತಗೊಂಡಿದ್ದರೆ ಅದು ತನ್ನ ಪಾಡಿಗೆ ತಾನಿರುತ್ತಿತ್ತು.

ಅಲ್ಲಿಂದ ಆ ಮನೆಯ ರೊಟ್ಟಿ ನನ್ನ ಪಾಲಿಗೆ ಬಂತು. ಅವರು ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಾಯಲ್ಲಿ ಕಲಿಸಿದರು. "ಹಂಗ ಹೆದರ್ಕೊಂಡು ಬಡದ್ರ ಅದು ರೊಟ್ಟಿ ಆಗೂದಿಲ್ಲ. ಯಾರ ಮ್ಯಾಲರೆ ಸಿಟ್ಟಿದ್ರ ನೆನಸ್ಕೊ," ಎನ್ನುವರು. ನಾನು ಅವರ ತಮ್ಮನನ್ನು ನೆನೆಸಿಕೊಂಡೆ. ರೊಟ್ಟಿ ಚೆನ್ನಾಗಿಯೇ ಬಂತು.

ಕೊನೆಗೂ ಒಂದು ಪಂಚಮಿಗೆ ಆ ತಮ್ಮ ಬಂದ. ನೀಲಮ್ಮನವರು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಅವನ ಎದುರಿಗೆ ಕೂತರು. ನಾನು ಒಳಗೆ ಬಡಿಯುತ್ತಿದ್ದೆ, ಅವರ ಗಂಡ ಬಡಿಸುತ್ತಿದ್ದರು.

"ಅಕ್ಕಾ, ನಿನ್ನ ಕೈ ರೊಟ್ಟಿ ರುಚಿ ಒಂಚೂರೂ ಬದಲಾಗಿಲ್ಲ ನೋಡು," ಎಂದ ತಮ್ಮ, ಒಳಗೆ ಬಡಿಯುತ್ತಿರುವವರು ಯಾರೆಂದೂ ಕೇಳದೆ.

ನನಗೆ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. "ಅದು ನನ್ನ ಕೈ ರೊಟ್ಟಿ. ನಿಮ್ಮಕ್ಕನ ಕೈ ಒಂದ್ಸಲ ನೋಡಿ," ಎಂದು ಅವರ ಸೆರಗು ಸರಿಸಿಬಿಟ್ಟೆ.

ತುತ್ತು ಅವನ ಕೈಯಲ್ಲೇ ಉಳಿಯಿತು. "ಇದೇನಕ್ಕಾ? ನಾ ಕಳಿಸಿದ ಎಣ್ಣಿ ತಗೊಳ್ಳಲಿಲ್ಲೇನು?"

ಈಗಲಾದರೂ ಹೇಳಿ ಎಂದು ನಾನು ನೀಲಮ್ಮನವರ ಮುಖವನ್ನೇ ನೋಡಿದೆ. ಅವರು ಸೆರಗನ್ನು ಮತ್ತೆ ಕೈಮೇಲೆ ಎಳೆದುಕೊಂಡರು.

"ಇಲ್ಲಪಾ, ನಾನ ಮರತುಬಿಟ್ಟೆ. ನಿಂದೇನು ತಪ್ಪಿಲ್ಲ, ಉಣ್ಣು."

ಅವನು ಸಮಾಧಾನದಿಂದ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಗಂಡ ನಿವೃತ್ತರಾದ ಮೇಲೆ ಅವರು ಗದಗಕ್ಕೆ ಹೊರಟುಹೋದರು. ಕೆಲವು ವರ್ಷಗಳ ನಂತರ ತೀರಿಕೊಂಡ ಸುದ್ದಿ ಬಂತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಈಗ ರೊಟ್ಟಿ ಬಡಿಯುವಾಗ ನೆನೆಸಿಕೊಳ್ಳುವುದು ಆ ತಮ್ಮನನ್ನಲ್ಲ, ನೀಲಮ್ಮನವರನ್ನೇ.